ಏಪ್ರಿಲ್ ಮುಗಿಯುತ್ತಾ ಬಂತು, ಸಮ್ಮರ್ ಇಂಟರ್ನ್‌ಶಿಪ್ ಸಿಕ್ಕಿಲ್ಲ. ಊರಿಗೆ ಹೋಗಲಾ, ಇಲ್ಲೇ ಇರಲಾ?

ಹಾವೇರಿ ಹುಡುಗಿ
ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಒಹಾಯೋದಲ್ಲಿ ಮೆಕ್ಯಾನಿಕಲ್ ಎಂಎಸ್ ಮಾಡುತ್ತಿದ್ದೇನೆ. ಹೋದ ವರ್ಷ ಆಗಸ್ಟ್‌ನಲ್ಲಿ ಬಂದೆ. ಎರಡನೇ ಸೆಮಿಸ್ಟರ್ ಇನ್ನೇನು ಮುಗಿಯುತ್ತದೆ. ಸೆಪ್ಟೆಂಬರ್‌ನಿಂದ ಅರ್ಜಿ ಹಾಕುತ್ತಲೇ ಇದ್ದೇನೆ. ಕೆಲವು ಕಡೆ ಫೋನ್ ಇಂಟರ್‌ವ್ಯೂ ಆಯಿತು, ಆಮೇಲೆ ಸುದ್ದಿಯೇ ಇಲ್ಲ. ಉಳಿದ ಕಡೆಯಿಂದ ರಾತ್ರಿ ಎರಡು ಗಂಟೆಗೆ ಒಂದು ಮೇಲ್ ಬರುತ್ತದೆ, 'ನಿಮ್ಮ ಆಸಕ್ತಿಗೆ ಧನ್ಯವಾದ' ಅಂತ.

ಈಗ ಮೂರು ದಾರಿ ಇವೆ. ನಮ್ಮ ವಿಭಾಗದ ಒಬ್ಬರು ಪ್ರೊಫೆಸರ್ ತಮ್ಮ ಲ್ಯಾಬ್‌ನಲ್ಲಿ ಗಂಟೆ ಲೆಕ್ಕದ ಕೆಲಸ ಕೊಡುತ್ತೇನೆ ಎಂದಿದ್ದಾರೆ. ವಾರಕ್ಕೆ 20 ಗಂಟೆ ಸಿಗಬಹುದು, ದುಡ್ಡು ಜಾಸ್ತಿ ಇಲ್ಲ. ಇನ್ನೊಂದು, ಬೇರೆ ರಾಜ್ಯದ ಒಂದು ಕನ್ಸಲ್ಟೆನ್ಸಿಯವರು ದಿನಾ ಫೋನ್ ಮಾಡುತ್ತಿದ್ದಾರೆ. ಸಾಫ್ಟ್‌ವೇರ್ ಟ್ರೈನಿಂಗ್ ಕೊಟ್ಟು ಅದನ್ನೇ ಇಂಟರ್ನ್‌ಶಿಪ್ ಅಂತ ಲೆಟರ್ ಕೊಡುತ್ತಾರಂತೆ. ಸಂಬಳ ಇಲ್ಲ, ಮೊದಲು ನಾವೇ 500 ಡಾಲರ್ ಕಟ್ಟಬೇಕು. ರೆಸ್ಯೂಮೆಯಲ್ಲಿ ಎರಡು ವರ್ಷದ ಅನುಭವ ಅವರೇ ಸೇರಿಸುತ್ತಾರಂತೆ. ಮೂರನೆಯದು, ಎಲ್ಲ ಬಿಟ್ಟು ಊರಿಗೆ ಹೋಗಿ ಬರುವುದು.

ಮನೆ ಲೀಸ್ ಜುಲೈ 31ರವರೆಗೆ ಇದೆ. ಅಪ್ಪ ಮನೆ ಪತ್ರ ಇಟ್ಟು ಸಾಲ ತೆಗೆದಿದ್ದಾರೆ. ಫೋನಿನಲ್ಲಿ ಅವ್ವ 'ಊಟ ಆತೇನು' ಅಂತ ಕೇಳಿದ ಮೇಲೆ ಅಪ್ಪ 'ಏನಾರ ಸುದ್ದಿ ಐತೇನು' ಅಂತ ಕೇಳುತ್ತಾರೆ. ಅಷ್ಟೇ ಕೇಳುವುದು, ಆದರೂ ಹೊಟ್ಟೆಯೊಳಗೆ ಸಂಕಟ ಆಗುತ್ತದೆ. ಈ ಬೇಸಿಗೆ ದಾಟಿದವರು ದಯವಿಟ್ಟು ಹೇಳಿ.

ಮಿಷಿಗನ್ ಮಲೆನಾಡಿಗ
ತಂಗಿ, ಮೊದಲು ಎರಡನೇ ದಾರಿಯನ್ನು ಮುಚ್ಚಿಬಿಡು. ದುಡ್ಡು ಕೇಳುವವರು ಕೆಲಸ ಕೊಡುವವರಲ್ಲ. ಇಲ್ಲದ ಅನುಭವ ರೆಸ್ಯೂಮೆಯಲ್ಲಿ ಸೇರಿಸುವುದು ಮೋಸ. ಮುಂದೆ ವೀಸಾ ಅರ್ಜಿಗಳಲ್ಲಿ ನಿನ್ನ ಹಳೆಯ ಕಾಗದಗಳೆಲ್ಲ ಹೊರಗೆ ಬರುತ್ತವೆ, ಉತ್ತರ ಕೊಡಬೇಕಾದವಳು ನೀನು. ಆ ಕನ್ಸಲ್ಟೆನ್ಸಿ ಅಷ್ಟು ಹೊತ್ತಿಗೆ ಬೋರ್ಡ್ ಬದಲಾಯಿಸಿರುತ್ತದೆ.

ಓದುವಾಗಲೇ ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಲು ಸಿಪಿಟಿ ಬೇಕು. ಸಿಪಿಟಿ ಅಂದರೆ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನ ಅಧಿಕಾರಿ (ಡಿಎಸ್‌ಓ) ನಿನ್ನ ಐ-20ಯಲ್ಲಿ, ಅಂದರೆ ಕಾಲೇಜು ಕೊಡುವ ವಿದ್ಯಾರ್ಥಿ ದಾಖಲೆಯಲ್ಲಿ, ಕಂಪನಿ ಹೆಸರು ಮತ್ತು ಶುರು, ಕೊನೆ ತಾರೀಖು ಹಾಕಿ ಕೊಡುವ ಅನುಮತಿ. ನೀನು ಓದುವ ವಿಷಯಕ್ಕೂ ಆ ಕೆಲಸಕ್ಕೂ ನೇರ ಸಂಬಂಧ ಇರಬೇಕು. ಮೆಕ್ಯಾನಿಕಲ್ ಓದುವವಳಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಟ್ರೈನಿಂಗ್ ಎಲ್ಲಿಂದ ಹೊಂದುತ್ತದೆ? ಸಂಬಳ ಇಲ್ಲ ಎಂದ ಮಾತ್ರಕ್ಕೆ ಅನುಮತಿ ಬೇಡ ಅಂತಲೂ ಅಲ್ಲ.

ಕುಡ್ಲದ ಕೋಡರ್
ಏಪ್ರಿಲ್ ಅಂದರೆ ಎಲ್ಲ ಮುಗಿಯಿತು ಅಂತಲ್ಲ ಮಾರಾಯ್ರೆ. ನನಗೆ ಆಫರ್ ಬಂದದ್ದು ಮೇ ಎರಡನೇ ವಾರ. ಬೇರೆ ಯಾರೋ ಕೊನೆ ಗಳಿಗೆಯಲ್ಲಿ ಬಿಟ್ಟು ಹೋದರು, ಆ ಜಾಗ ನನಗೆ ಸಿಕ್ಕಿತು.

ಶಿರಸಿ ಭಟ್
ಸಿಪಿಟಿ ತಗೊಂಡರೆ ಆಮೇಲೆ ಒಪಿಟಿ (ಪದವಿ ಆದ ಮೇಲೆ ಕೆಲಸ ಮಾಡುವ ಅನುಮತಿ) ಸಿಗಲ್ಲ ಅಂತ ಕೇಳಿದ್ದೇನೆ. ಹಾಗಿದ್ದರೆ ಬೇಸಿಗೆ ಸುಮ್ನೆ ಬಿಡುವುದೇ ಒಳ್ಳೆಯದಲ್ವಾ?

ಮಿಷಿಗನ್ ಮಲೆನಾಡಿಗ
ಭಟ್ರೇ, ಅದು ಅರ್ಧ ಮಾತು. ಫುಲ್ ಟೈಮ್ ಸಿಪಿಟಿ ಒಟ್ಟು 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚಾದರೆ ಮಾತ್ರ ಅದೇ ಡಿಗ್ರಿ ಮಟ್ಟದ ಒಪಿಟಿ ಹೋಗುತ್ತದೆ. ಒಂದು ಬೇಸಿಗೆಯ ಮೂರು ತಿಂಗಳಿಗೆ ಏನೂ ಆಗುವುದಿಲ್ಲ. ಪಾರ್ಟ್ ಟೈಮ್ ಸಿಪಿಟಿ ಆ ಲೆಕ್ಕಕ್ಕೇ ಬರುವುದಿಲ್ಲ. ಈ ತಪ್ಪು ಸುದ್ದಿ ಪ್ರತಿ ವರ್ಷ ಹೊಸ ಹುಡುಗರಲ್ಲಿ ಹರಡುತ್ತದೆ. ಎಷ್ಟೋ ಜನ ಒಳ್ಳೆಯ ಆಫರ್ ಬಿಡುತ್ತಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾವೇರಿ ಹುಡುಗಿ
ಅಣ್ಣ, ಒಂದು ವರ್ಷ ಓದಿ ಮುಗಿಸಿರಬೇಕು ಅನ್ನುತ್ತಾರಲ್ಲ, ಆಗಸ್ಟ್‌ನಲ್ಲಿ ಬಂದವಳಿಗೆ ಮೇ ತಿಂಗಳಲ್ಲಿ ಸಿಪಿಟಿ ಸಿಗುತ್ತದಾ?

ಟೆಕ್ಸಾಸ್ ತುಮಕೂರು
ಸಿಗುತ್ತದೆ ತಂಗಿ. ಒಂದು ಅಕಾಡೆಮಿಕ್ ವರ್ಷ ಅಂದರೆ ಆಗಸ್ಟ್‌ನಲ್ಲಿ ಶುರುವಾಗುವ ಫಾಲ್ ಮತ್ತು ಜನವರಿಯಲ್ಲಿ ಶುರುವಾಗುವ ಸ್ಪ್ರಿಂಗ್ ಎರಡು ಸೆಮಿಸ್ಟರ್ ಫುಲ್ ಟೈಮ್ ಓದಿದ್ದರೆ ಸಾಕು. ಜನವರಿಯಲ್ಲಿ ಬಂದವರಿಗೇ ಮೊದಲ ಬೇಸಿಗೆ ಕಷ್ಟ.

ಇನ್ನೊಂದು ಗಮನಿಸು. ಕೆಲವು ವಿಶ್ವವಿದ್ಯಾಲಯಗಳಲ್ಲಿ ಸಿಪಿಟಿಗೆ ಬೇಸಿಗೆಯಲ್ಲಿ ಒಂದು ಕ್ರೆಡಿಟ್‌ನ ಇಂಟರ್ನ್‌ಶಿಪ್ ಕೋರ್ಸ್ ತಗೊಳ್ಳಲೇಬೇಕು, ಅದಕ್ಕೆ ಫೀಸು ಬೇರೆ. ಆಫರ್ ಬಂದ ಮೇಲೆ ಓಡಾಡುವ ಬದಲು ಈಗಲೇ ನಿಮ್ಮ ವಿಭಾಗದಲ್ಲಿ ಯಾವ ಫಾರಂ, ಯಾರ ಸಹಿ ಅಂತ ಕೇಳಿಟ್ಟುಕೋ. ಐ-20ಯಲ್ಲಿ ಬರೆದ ತಾರೀಖಿಗಿಂತ ಒಂದು ದಿನ ಮೊದಲೂ ಕೆಲಸ ಶುರು ಮಾಡುವ ಹಾಗಿಲ್ಲ. 'ಓರಿಯಂಟೇಷನ್ ಅಷ್ಟೇ, ಬಾ' ಅಂತ ಮ್ಯಾನೇಜರ್ ಕರೆದರೂ ಹೋಗಬಾರದು.

ನಂಜನಗೂಡು ನಿವಾಸಿ
ಮೊದಲ ದಿನದಿಂದಲೇ ಸಿಪಿಟಿ ಕೊಡುವ ಕಾಲೇಜುಗಳೂ ಇವೆಯಲ್ಲ, ಅಲ್ಲಿಗೆ ಟ್ರಾನ್ಸ್‌ಫರ್ ತಗೊಂಡರೆ ಈ ತಲೆನೋವೇ ಇರಲ್ಲ ಅಲ್ವಾ?

ಟೆಕ್ಸಾಸ್ ತುಮಕೂರು
ಬೇಡ ಕಣ್ರೀ. ಮೊದಲ ಸೆಮಿಸ್ಟರ್‌ನಿಂದಲೇ ಕೆಲಸ ಮಾಡಲೇಬೇಕೆನ್ನುವ ಗ್ರ್ಯಾಜುಯೇಟ್ ಕೋರ್ಸ್‌ಗಳಿಗೆ ನಿಯಮದಲ್ಲೇ ಅವಕಾಶ ಇದೆ, ನಿಜ. ಆದರೆ ಆ ಹೆಸರಿನಲ್ಲಿ ತರಗತಿಯೇ ಇಲ್ಲದೆ ಫೀಸು ತಗೊಂಡು ಐ-20 ಕೊಡುವ ಕಡೆ ಸೇರಿದರೆ ಮುಂದೆ ಪ್ರಶ್ನೆ ಬರುವುದು ಖಂಡಿತ. ಮಿಷಿಗನ್‌ನ ಯೂನಿವರ್ಸಿಟಿ ಆಫ್ ಫಾರ್ಮಿಂಗ್‌ಟನ್ ನೆನಪಿದೆಯಾ? ಅದು ವಲಸೆ ಇಲಾಖೆಯವರೇ ನಡೆಸಿದ ಸುಳ್ಳು ವಿಶ್ವವಿದ್ಯಾಲಯ. ಪಾಠ ಇಲ್ಲ, ಪ್ರೊಫೆಸರ್ ಇಲ್ಲ. 2019ರ ಜನವರಿಯಲ್ಲಿ ಸೇರಿದವರನ್ನು ಹಿಡಿಯತೊಡಗಿದರು. ಹೆಚ್ಚಿನವರು ನಮ್ಮ ದೇಶದ ಹುಡುಗರು. ಊರಲ್ಲಿ ಸಾಲ ಹಾಗೇ ಇತ್ತು, ಇಲ್ಲಿ ಕೈಗೆ ಏನೂ ಬರಲಿಲ್ಲ.

ಆಖೆನ್ ಅಕ್ಕ
ಜರ್ಮನಿಯಿಂದ ಒಂದು ಮಾತು. ಇಲ್ಲಿಗೆ ಬರಬೇಕು ಅಂತ ಯೋಚಿಸುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಇಲ್ಲಿ ಅಮೆರಿಕದ ಹಾಗೆ ಬೇಸಿಗೆ ಇಂಟರ್ನ್‌ಶಿಪ್ ಸೀಸನ್ ಇಲ್ಲ. ಬೇಸಿಗೆ ಸೆಮಿಸ್ಟರ್‌ನ ಪಾಠ ಜುಲೈವರೆಗೂ ನಡೆಯುತ್ತದೆ, ಆಮೇಲೆ ಪರೀಕ್ಷೆ. ಕಂಪನಿಗಳು ಸಾಮಾನ್ಯವಾಗಿ ಕೇಳುವುದು ಐದಾರು ತಿಂಗಳ ಪ್ರಾಕ್ಟಿಕುಮ್, ಅಂದರೆ ಇಂಟರ್ನ್‌ಶಿಪ್. ಅದಕ್ಕೆ ಒಂದು ಸೆಮಿಸ್ಟರ್ ಬಿಡುವು ಮಾಡಿಕೊಳ್ಳುವವರು ತುಂಬಾ ಜನ. ಓದುತ್ತಲೇ ಕಂಪನಿಯಲ್ಲಿ ವಾರಕ್ಕೆ 20 ಗಂಟೆಯವರೆಗೆ ವೆರ್ಕ್‌ಸ್ಟುಡೆಂಟ್ ಆಗಿ ದುಡಿಯುವುದು ಇನ್ನೊಂದು ದಾರಿ. ನನಗೆ ಇದೇ ಹೆಚ್ಚು ಇಷ್ಟ. ವರ್ಷವಿಡೀ ಅದೇ ಟೀಮ್ ಜೊತೆ ಇರುತ್ತೀರಿ, ಥೀಸಿಸ್ ಕೂಡ ಅಲ್ಲೇ ಸಿಗುವ ಸಾಧ್ಯತೆ ಇದೆ.

ಯುರೋಪಿನ ಹೊರಗಿನವರಿಗೆ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. 2024ರ ಮಾರ್ಚ್‌ಗೆ ಮೊದಲು ಅದು 120 ಮತ್ತು 240 ಇತ್ತು. ಕೋರ್ಸ್‌ನಲ್ಲೇ ಕಡ್ಡಾಯ ಎಂದು ಬರೆದಿರುವ ಪ್ರಾಕ್ಟಿಕುಮ್ ಆ 140ರ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಅದಕ್ಕೆ ಕನಿಷ್ಠ ವೇತನದ ರಕ್ಷಣೆಯೂ ಇಲ್ಲ. ನಾವಾಗಿಯೇ ಮಾಡುವ ಪ್ರಾಕ್ಟಿಕುಮ್ ಮೂರು ತಿಂಗಳು ದಾಟುವುದಾದರೆ ಕನಿಷ್ಠ ವೇತನ ಕೊಡಲೇಬೇಕು, 2026ರ ಜನವರಿಯಿಂದ ಅದು ಗಂಟೆಗೆ 13.90 ಯೂರೋ.

ಮತ್ತೆ ಜರ್ಮನ್ ಭಾಷೆ. ಕೋರ್ಸ್ ಇಂಗ್ಲಿಷ್‌ನಲ್ಲಿದೆ ಅಂತ ಸುಮ್ಮನಿದ್ದರೆ ಕೆಲಸ ಹುಡುಕುವಾಗ ಕಷ್ಟ. ಹೊರಡುವ ಮೊದಲೇ ಬೆಂಗಳೂರಿನಲ್ಲಿ ಜರ್ಮನ್ ಬಿ1 ಮಟ್ಟ ಮುಗಿಸಿಕೊಂಡು ಬನ್ನಿ.

ಕುಡ್ಲದ ಕೋಡರ್
ಅಕ್ಕ, ಅಲ್ಲಿ ಭಾನುವಾರ ಅಂಗಡಿ ಎಲ್ಲ ಬಂದ್ ಅಂತಾರಲ್ಲ, ನಿಜವಾ?

ಆಖೆನ್ ಅಕ್ಕ
ನಿಜ. ಶನಿವಾರ ಸಂಜೆಯೊಳಗೆ ಹಾಲು, ತರಕಾರಿ ತಂದಿಟ್ಟುಕೊಳ್ಳಬೇಕು. ಖಾಲಿ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ, ಅಂಗಡಿಯ ಮಷಿನ್‌ಗೆ ಹಾಕಿದರೆ ಒಂದಕ್ಕೆ 25 ಸೆಂಟ್ ವಾಪಸ್ ಬರುತ್ತದೆ. ಹಾಸ್ಟೆಲ್‌ನಲ್ಲಿ ನಾವು ಚೀಲ ತುಂಬಿಸಿ ಒಟ್ಟಿಗೆ ಕೊಂಡೊಯ್ಯುತ್ತೇವೆ, ಆ ದುಡ್ಡಿನಲ್ಲೇ ವಾರದ ಟೊಮೆಟೊ ಬರುತ್ತದೆ.

ಲೀಡ್ಸ್‌ನಿಂದ ಲಿಂಗಸುಗೂರು
ಯುಕೆಯಲ್ಲಿ ಇಷ್ಟೆಲ್ಲ ಇಲ್ಲ. ಟರ್ಮ್‌ನಲ್ಲಿ ವಾರಕ್ಕೆ 20 ಗಂಟೆ, ರಜೆಯಲ್ಲಿ ಫುಲ್ ಟೈಮ್. ಬೇಸಿಗೆ ಪೂರ್ತಿ ಕೆಲಸ ಮಾಡಬಹುದು.

ಮ್ಯಾಂಚೆಸ್ಟರ್ ಮಂಡ್ಯ
ತಡೀರಿ ಲಿಂಗಸುಗೂರು ಅವರೇ. ಡಿಗ್ರಿ ಓದುವ ಹುಡುಗರಿಗೆ ನೀವು ಹೇಳಿದ್ದು ಸರಿ. ಆದರೆ ನಮ್ಮ ಕಡೆಯಿಂದ ಹೆಚ್ಚಾಗಿ ಬರುವುದು ಒಂದು ವರ್ಷದ ಮಾಸ್ಟರ್ಸ್‌ಗೆ. ಅವರಿಗೆ ಬೇಸಿಗೆ ರಜೆ ಅಲ್ಲವೇ ಅಲ್ಲ, ಡಿಸರ್ಟೇಷನ್ (ಕೊನೆಯ ಪ್ರಬಂಧ) ಸಮಯ. ವೀಸಾ ಲೆಕ್ಕದಲ್ಲಿ ಅದೂ ಟರ್ಮ್. ಡಿಸರ್ಟೇಷನ್ ಕೊಟ್ಟು ಕೋರ್ಸ್ ಅಧಿಕೃತವಾಗಿ ಮುಗಿಯುವವರೆಗೂ 20 ಗಂಟೆಯ ಮಿತಿ ಇದ್ದೇ ಇರುತ್ತದೆ. ಜುಲೈನಲ್ಲಿ ಗೋದಾಮಿನಲ್ಲಿ 40 ಗಂಟೆ ದುಡಿದು ವೀಸಾಕ್ಕೆ ಕುತ್ತು ತಂದುಕೊಂಡವರು ನನಗೆ ಗೊತ್ತು. ಯೂನಿವರ್ಸಿಟಿ ಕೊಡುವ ಟರ್ಮ್ ತಾರೀಖಿನ ಪತ್ರ ನೋಡದೆ ಯಾರೂ ಶಿಫ್ಟ್ ಒಪ್ಪಿಕೊಳ್ಳಬೇಡಿ.

ಲೀಡ್ಸ್‌ನಿಂದ ಲಿಂಗಸುಗೂರು
ಹೌದು, ನಾನು ಬಿಎಸ್ಸಿ ಹುಡುಗ, ಆ ಲೆಕ್ಕದಲ್ಲಿ ಹೇಳಿದೆ. ಮಾಸ್ಟರ್ಸ್‌ನವರು ಮಂಡ್ಯದವರ ಮಾತು ಕೇಳಿ.

ಟೊರಾಂಟೊ ಟಿ. ನರಸೀಪುರ
ಕೆನಡಾದಲ್ಲಿ 2024ರ ನವೆಂಬರ್‌ನಿಂದ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆ. ಕಾಲೇಜು ಘೋಷಿಸಿದ ರಜೆಯಲ್ಲಿ ಮಿತಿ ಇಲ್ಲ. ಕೋ-ಆಪ್, ಅಂದರೆ ಓದಿನ ಜೊತೆ ಕಂಪನಿ ಕೆಲಸವೂ ಇರುವ ಕೋರ್ಸ್ ಸೇರಿದರೆ ಕೆಲಸದ ಟರ್ಮ್ ಕೋರ್ಸ್‌ನೊಳಗೇ ಬರುತ್ತದೆ. ವಾಟರ್‌ಲೂ ವಿಶ್ವವಿದ್ಯಾಲಯ ಹೆಸರಾಗಿರುವುದೇ ಅದಕ್ಕೆ.

ಗದಗ ಗೇರ್
ಹಾವೇರಿ ತಂಗಿ, ನಾನೂ ಮೆಕ್ಯಾನಿಕಲ್. ನಿನಗೆ ಉತ್ತರ ಬರದೆ ಇರಲು ಒಂದು ಕಾರಣ ಹೇಳಲಾ? ನೀನು ಏರೋಸ್ಪೇಸ್, ಡಿಫೆನ್ಸ್ ಕಂಪನಿಗಳಿಗೆ ಹಾಕಿದ್ದೀಯಾ?

ಹಾವೇರಿ ಹುಡುಗಿ
ಹೌದು ಅಣ್ಣ, ಅರ್ಧಕ್ಕರ್ಧ ಅವೇ. ಜೆಟ್ ಎಂಜಿನ್ ಅಂದರೆ ನನಗೆ ಮೊದಲಿನಿಂದಲೂ ಆಸೆ.

ಗದಗ ಗೇರ್
ಅಂದುಕೊಂಡೆ. ಅಲ್ಲಿ ನಿನ್ನ ಮಾರ್ಕ್ಸ್ ನೋಡುವ ಮೊದಲೇ ಬಾಗಿಲು ಹಾಕಿರುತ್ತಾರೆ. ರಕ್ಷಣೆಗೆ ಸಂಬಂಧಿಸಿದ ತಂತ್ರಜ್ಞಾನಕ್ಕೆ ಐಟಾರ್ ಅನ್ನುವ ರಫ್ತು ನಿಯಮ ಇದೆ. ಜಾಹೀರಾತಿನ ಕೊನೆಗೆ ಸಣ್ಣ ಅಕ್ಷರದಲ್ಲಿ 'ಯುಎಸ್ ಪರ್ಸನ್ ಆಗಿರಬೇಕು' ಅಂತ ಇರುತ್ತದೆ. ಅಂದರೆ ಅಲ್ಲಿನ ನಾಗರಿಕರು, ಗ್ರೀನ್ ಕಾರ್ಡ್ ಇದ್ದವರು, ಆಶ್ರಯ ಪಡೆದವರು. ಎಫ್-1 ವಿದ್ಯಾರ್ಥಿ ವೀಸಾದಲ್ಲಿರುವ ನಾವು ಅಲ್ಲ. ಅಂಥ ಜಾಹೀರಾತು ಕಂಡ ಕೂಡಲೇ ಮುಂದಕ್ಕೆ ಹೋಗು, ನಿನ್ನ ಸಂಜೆ ಉಳಿಯುತ್ತದೆ.

ನೀನಿರುವ ರಾಜ್ಯದಲ್ಲೇ ಹೋಂಡಾ ಮ್ಯಾರಿಸ್‌ವಿಲ್‌ನಲ್ಲಿ 1982ರಿಂದ ಕಾರು ಮಾಡುತ್ತಿದೆ. ಅಂಥ ಕಾರ್ಖಾನೆ ಇರುವ ಕಡೆ ಸೀಟು, ಬ್ರೇಕ್, ಪ್ಲಾಸ್ಟಿಕ್ ಮೌಲ್ಡಿಂಗ್, ಸ್ಟಾಂಪಿಂಗ್ ಮಾಡುವ ಸಣ್ಣ ಕಂಪನಿಗಳೂ ಸುತ್ತಮುತ್ತ ಇರುತ್ತವೆ. ಪಕ್ಕದ ಇಂಡಿಯಾನಾದ ಕೊಲಂಬಸ್‌ನಲ್ಲಿ ಎಂಜಿನ್ ಮಾಡುವ ಕಮ್ಮಿನ್ಸ್ ಇದೆ. ಹುಡುಗರೆಲ್ಲ ದೊಡ್ಡ ಹೆಸರಿನ ಹಿಂದೆ ಹೋಗುತ್ತಾರೆ, ಈ ಸಣ್ಣ ಸಪ್ಲೈಯರ್‌ಗಳ ವೆಬ್‌ಸೈಟ್ ತೆರೆದೂ ನೋಡುವುದಿಲ್ಲ. ಅಲ್ಲಿನ ಪ್ಲಾಂಟ್ ಮ್ಯಾನೇಜರ್‌ಗೆ ನೇರ ಮೇಲ್ ಹಾಕು. ನಾಲ್ಕು ಸಾಲು ಸಾಕು: ಏನು ಓದುತ್ತಿದ್ದೀಯ, ಯಾವ ಪ್ರಾಜೆಕ್ಟ್ ಮಾಡಿದ್ದೀಯ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಬರಬಲ್ಲೆ, ಸಿಪಿಟಿಗೆ ಅವರಿಗೆ ಖರ್ಚಿಲ್ಲ. ಕೊನೆಯದು ಮುಖ್ಯ. ಸಣ್ಣ ಕಂಪನಿಯವರು ವೀಸಾ ಅಂದ ಕೂಡಲೇ ಲಾಯರ್ ಖರ್ಚು ಅಂತ ಗಾಬರಿ ಆಗುತ್ತಾರೆ. ಆಫರ್ ಲೆಟರ್ ಒಂದು ಕೊಟ್ಟರೆ ಉಳಿದದ್ದು ಕಾಲೇಜಿನ ಕೆಲಸ ಅಂತ ಗೊತ್ತಾದರೆ ಮಾತು ಮುಂದುವರಿಯುತ್ತದೆ.

ಕೋಲಾರದ ಕಿರಿಯ
ಅರ್ಜಿಯಲ್ಲಿ 'ಈಗ ಅಥವಾ ಮುಂದೆ ಸ್ಪಾನ್ಸರ್‌ಶಿಪ್ ಬೇಕೇ' ಅಂತ, ಅಂದರೆ ಕಂಪನಿಯೇ ವೀಸಾ ಮಾಡಿಸಬೇಕೇ ಅಂತ ಕೇಳುತ್ತಾರಲ್ಲ, ಅದಕ್ಕೆ ಇಲ್ಲ ಅಂತ ಹಾಕಿಬಿಡಿ. ಇಂಟರ್ನ್‌ಶಿಪ್‌ಗೆ ಬೇಡ ತಾನೇ. ನಮ್ಮ ರೂಮಿನವರೆಲ್ಲ ಹಾಗೇ ಮಾಡೋದು.

ಟೆಕ್ಸಾಸ್ ತುಮಕೂರು
ತಮ್ಮಾ, ಪ್ರಶ್ನೆಯಲ್ಲಿ 'ಮುಂದೆ' ಅಂತ ಸ್ಪಷ್ಟವಾಗಿ ಇದೆ. ಮುಂದೆ ಎಚ್-1ಬಿ ಕೆಲಸದ ವೀಸಾ ಬೇಕಾಗುವವರು ಇಲ್ಲ ಅಂದರೆ ಅದು ಸುಳ್ಳು. ಇಂಟರ್ನ್‌ಶಿಪ್ ಚೆನ್ನಾಗಿ ಮಾಡಿ ಅದೇ ಕಂಪನಿ ಕೆಲಸ ಕೊಡಲು ಬಂದಾಗ ಈ ಉತ್ತರ ತೆಗೆದು ನೋಡುತ್ತಾರೆ. ಬರೆಯಲು ಜಾಗ ಇದ್ದರೆ ಹೀಗೆ ಬರೆಯಿರಿ: ಬೇಸಿಗೆಗೆ ಸಿಪಿಟಿ, ಪದವಿ ಆದ ಮೇಲೆ 12 ತಿಂಗಳ ಒಪಿಟಿ, ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ವಿಷಯ ಆದ್ದರಿಂದ ಇನ್ನೂ 24 ತಿಂಗಳು. ಒಟ್ಟು ಮೂರು ವರ್ಷ ಅವರು ಸ್ಪಾನ್ಸರ್ ಮಾಡಬೇಕಿಲ್ಲ. ಎಷ್ಟೋ ಎಚ್‌ಆರ್‌ನವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ.

ಕೋಲಾರದ ಕಿರಿಯ
ಆದರೆ ಅಣ್ಣ, ಹೌದು ಅಂತ ಒತ್ತಿದರೆ ಎಷ್ಟೋ ಕಡೆ ಕಂಪ್ಯೂಟರೇ ತೆಗೆದುಹಾಕುತ್ತದೆ. ನಿಜ ಹೇಳಿದವನಿಗೇ ನಷ್ಟ. 2025ರ ಸೆಪ್ಟೆಂಬರ್‌ನಲ್ಲಿ ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಬಂದ ಮೇಲಂತೂ ಕಂಪನಿಗಳು ಮಾತೇ ಆಡುತ್ತಿಲ್ಲ.

ಮಿಷಿಗನ್ ಮಲೆನಾಡಿಗ
ಕೋಲಾರದವರ ಸಿಟ್ಟು ನ್ಯಾಯವೇ. ಆದರೂ ಆ ಶುಲ್ಕದ ಬಗ್ಗೆ ಒಂದು ಮಾತು. ಇಲ್ಲೇ ಇದ್ದು ಎಫ್-1ನಿಂದ ಎಚ್-1ಬಿಗೆ ಬದಲಾಗುವವರಿಗೆ ಅದು ಅನ್ವಯಿಸುವುದಿಲ್ಲ ಅಂತ ಅದೇ ವರ್ಷ ಅಕ್ಟೋಬರ್‌ನಲ್ಲಿ ವಲಸೆ ಇಲಾಖೆ ಹೇಳಿದೆ. ಇಂಟರ್‌ವ್ಯೂನಲ್ಲಿ ಮಾತು ಬಂದರೆ ಇದನ್ನು ಹೇಳಿ. ಕಂಪ್ಯೂಟರ್ ತೆಗೆದುಹಾಕುತ್ತದೆ ಅನ್ನುವುದಕ್ಕೆ ಉತ್ತರ ನೇರ ಮೇಲ್, ಹಳೆಯ ವಿದ್ಯಾರ್ಥಿಗಳು, ಕರಿಯರ್ ಫೇರ್. ಮನುಷ್ಯರ ಹತ್ತಿರ ತಲುಪಬೇಕು.

ದಾವಣಗೆರೆ ತಂದೆ
ನಾನು ವಿದ್ಯಾರ್ಥಿ ಅಲ್ಲ. ನನ್ನ ಮಗಳೂ ಅಮೆರಿಕದಲ್ಲಿ ಓದುತ್ತಿದ್ದಾಳೆ. ಇದನ್ನೆಲ್ಲ ಓದಿ ತುಂಬಾ ವಿಷಯ ತಿಳಿಯಿತು. ಒಂದು ಕೇಳುತ್ತೇನೆ ಮಕ್ಕಳೇ. ಇಂಟರ್ನ್‌ಶಿಪ್ ಏನಾಯಿತು ಅಂತ ಕೇಳಿದರೆ ಮಗಳು ಫೋನ್ ಬೇಗ ಇಡುತ್ತಾಳೆ. ಕೇಳದಿದ್ದರೆ ನಮಗೆ ಇಲ್ಲಿ ನಿದ್ದೆ ಬರುವುದಿಲ್ಲ. ಸಾಲದ ಮಾತು ನಾವು ಎತ್ತುವುದೇ ಇಲ್ಲ. ಏನು ಮಾತಾಡಬೇಕು?

ಲೀಡ್ಸ್‌ನಿಂದ ಲಿಂಗಸುಗೂರು
ಸರ್, ನಮ್ಮ ಅಪ್ಪ ಮಳೆ ಬಂತಾ, ತೊಗರಿ ಹೆಂಗಿದೆ ಅಂತ ಊರ ಸುದ್ದಿ ಹೇಳುತ್ತಾರೆ. ಅದನ್ನು ಕೇಳಿದ ಮೇಲೆ ನಾನೇ ಎಲ್ಲ ಹೇಳುತ್ತೇನೆ.

ಆಖೆನ್ ಅಕ್ಕ
ಅಂಕಲ್, ಸಾಲದ ಮಾತು ಎತ್ತಿ. ಮಕ್ಕಳಿಗೆ ಅದು ಗೊತ್ತಿಲ್ಲದಿದ್ದರೆ ಇಲ್ಲಿ ಕೂತು ಇನ್ನೂ ದೊಡ್ಡದಾಗಿ ಊಹಿಸಿಕೊಳ್ಳುತ್ತಾರೆ. ಕಂತು ಯಾವಾಗ ಶುರು, ಓದುವಾಗ ಬಡ್ಡಿ ಎಷ್ಟು ಕಟ್ಟುತ್ತಿದ್ದೀರಿ ಅಂತ ಒಮ್ಮೆ ಹಾಳೆಯ ಮೇಲೆ ಬರೆದು ಫೋಟೋ ಕಳಿಸಿ. ಓದು ಮುಗಿದ ಮೇಲೂ ಬ್ಯಾಂಕು ಕೆಲವು ತಿಂಗಳು ಬಿಡುವು ಕೊಡುತ್ತದೆ. ಅದು ಕಣ್ಣಿಗೆ ಕಂಡರೆ ಒಂದು ಬೇಸಿಗೆ ಹೋದದ್ದು ಪ್ರಳಯ ಅನ್ನಿಸುವುದಿಲ್ಲ.

ಅಯೋವಾ ಅರಸೀಕೆರೆ
ದಾವಣಗೆರೆ ಸರ್, ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಶಿಕ್ಷಣ ಸಾಲದ ಬಡ್ಡಿಗೆ ಎಂಟು ವರ್ಷದವರೆಗೆ ವಿನಾಯಿತಿ ಇದೆ. ಹೊಸ ಪದ್ಧತಿಯಲ್ಲಿ ಇಲ್ಲ. ನಿಮ್ಮ ಆಡಿಟರ್ ಹತ್ತಿರ ಎರಡರ ಲೆಕ್ಕವನ್ನೂ ಹಾಕಿಸಿ.

ಹಾವೇರಿಯವರೇ, ಯಾರೂ ಸರಿಯಾಗಿ ಮಾತಾಡದೆ ಇರುವುದು ನಿಮ್ಮ ಮೊದಲ ದಾರಿ ಬಗ್ಗೆ, ಅದೇ ಲ್ಯಾಬ್. ನನ್ನ ಅಭಿಪ್ರಾಯದಲ್ಲಿ ಅದೇ ಸರಿಯಾದ ದಾರಿ, ಇಂಟರ್ನ್‌ಶಿಪ್ ಸಿಗಲಿಲ್ಲ ಅಂತ ಒಪ್ಪಿಕೊಳ್ಳುವ ಎರಡನೇ ದರ್ಜೆ ಕೆಲಸ ಅಲ್ಲ. ಬೇಸಿಗೆಯಲ್ಲಿ ಪ್ರೊಫೆಸರ್‌ಗಳಿಗೆ ಪಾಠ ಇರುವುದಿಲ್ಲ, ಲ್ಯಾಬ್‌ನಲ್ಲಿ ಜನ ಕಡಿಮೆ. ಫಾಲ್‌ನಲ್ಲಿ ಪಿಎಚ್‌ಡಿ ಹುಡುಗರ ಹಿಂದೆ ನಿಂತು ಮಷಿನ್ ನೋಡಬೇಕು, ಜೂನ್‌ನಲ್ಲಿ ಕೀಲಿಕೈ ನಿಮ್ಮ ಕೈಗೇ ಬರುತ್ತದೆ. ಲೋಹವನ್ನು ಎಳೆದು ಅದರ ಬಲ ನೋಡುವ ಟೆನ್ಸೈಲ್ ಟೆಸ್ಟಿಂಗ್ ಮಷಿನ್ ನಾನು ಕಲಿತದ್ದು ಹಾಗೆ. ಸ್ಯಾಂಪಲ್ ಹಿಡಿಯುವ ಗ್ರಿಪ್ ಸ್ವಲ್ಪ ಓರೆಯಾದರೂ ಲೋಹ ಮಧ್ಯದಲ್ಲಿ ಮುರಿಯದೆ ದವಡೆ ಹತ್ತಿರ ಮುರಿಯುತ್ತದೆ, ಆ ಅಂಕಿ ಬಿಸಾಡಬೇಕು. ಅದನ್ನು ಸರಿಮಾಡುವುದು ಪುಸ್ತಕದಲ್ಲಿ ಬರುವುದಿಲ್ಲ. ಮುಂದೆ ಕೆಲಸದ ಇಂಟರ್‌ವ್ಯೂನಲ್ಲಿ ನನ್ನನ್ನು ಹೆಚ್ಚು ಹೊತ್ತು ಕೇಳಿದ್ದು ಅದರ ಬಗ್ಗೆಯೇ.

ಪ್ರೊಫೆಸರ್ ಹತ್ತಿರ ಎರಡು ವಿಷಯ ಬಾಯಿಬಿಟ್ಟು ಕೇಳಿ. ರಜೆಯಲ್ಲಿ ಕ್ಯಾಂಪಸ್ ಕೆಲಸಕ್ಕೆ 20 ಗಂಟೆಯ ವೀಸಾ ಮಿತಿ ಇಲ್ಲ, ಫಾಲ್‌ಗೆ ಮತ್ತೆ ಓದು ಮುಂದುವರಿಸುವವರು ಫುಲ್ ಟೈಮ್ ಮಾಡಬಹುದು. ಹಾಗಾಗಿ ಇನ್ನೂ ಗಂಟೆ ಸಿಗುತ್ತದಾ ಅಂತ ಕೇಳಿ. ಎರಡನೆಯದು, ಬೇಸಿಗೆ ಕೆಲಸ ಹಿಡಿಸಿದರೆ ಫಾಲ್‌ನಲ್ಲಿ ಅಸಿಸ್ಟೆಂಟ್‌ಶಿಪ್ ಸಾಧ್ಯವಾ ಅಂತ ಕೇಳಿ. ಟ್ಯೂಷನ್ ಫೀಸು ಮಾಫಿ ಆಗುವ ಅಸಿಸ್ಟೆಂಟ್‌ಶಿಪ್ ಸಿಕ್ಕರೆ ಎಷ್ಟೋ ಇಂಟರ್ನ್‌ಶಿಪ್‌ಗಳ ಸಂಬಳಕ್ಕಿಂತ ಅದೇ ಜಾಸ್ತಿ. ಕೇಳಲು ನಾಚಿಕೆ ಬೇಡ, ಇಲ್ಲಿ ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ.

ಗದಗ ಗೇರ್
ನಾನು ಪೂರ್ತಿ ಒಪ್ಪುವುದಿಲ್ಲ. ಕಾರ್ಖಾನೆ ಕೆಲಸ ಬೇಕು ಅನ್ನುವವರಿಗೆ ಲ್ಯಾಬ್ ಅನುಭವ ಅರ್ಧ ಮಾತ್ರ. ಶಾಪ್ ಫ್ಲೋರ್ ಮೇಲೆ ಶಿಫ್ಟ್ ಬದಲಾಗುವಾಗಿನ ಗಡಿಬಿಡಿ, ಆಪರೇಟರ್ ಜೊತೆ ಮಾತು ಅಲ್ಲಿಯೇ ಕಲಿಯಬೇಕು. ಲ್ಯಾಬ್ ಒಪ್ಪಿಕೋ ತಂಗಿ, ಆದರೆ ಮೇ ತಿಂಗಳಿಡೀ ಮೇಲ್ ಹಾಕುವುದನ್ನು ನಿಲ್ಲಿಸಬೇಡ.

ಬೆಳಗಾವಿ ಬೆಂಚ್‌ವೈಸ್
ಊರಿಗೆ ಹೋಗುವುದನ್ನು ಯಾಕೆ ಎಲ್ಲರೂ ಸೋಲು ಅನ್ನುವ ಹಾಗೆ ಮಾತಾಡುತ್ತೀರಿ? ಬೆಳಗಾವಿಯಲ್ಲಿ ಫೌಂಡ್ರಿಗಳಿವೆ, ಹೈಡ್ರಾಲಿಕ್ಸ್ ಕಂಪನಿಗಳಿವೆ. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ವಿಶೇಷ ಆರ್ಥಿಕ ವಲಯ (ಎಸ್‌ಇಝಡ್) ಇದೆ. ಹಾವೇರಿಯಿಂದ ದೂರವೂ ಅಲ್ಲ. ಅಲ್ಲಿ ಏರೋಸ್ಪೇಸ್ ಬಾಗಿಲು ಹಾಕಿದ್ದರೆ ಇಲ್ಲಿ ಕೇಳಿ ನೋಡಬಹುದಲ್ಲ. ಭಾರತದಲ್ಲಿ ಕೂತು ಭಾರತದ ಕಂಪನಿಗೆ ಕೆಲಸ ಮಾಡಲು ಸಿಪಿಟಿ ಬೇಕಿಲ್ಲ.

ಅಯೋವಾ ಅರಸೀಕೆರೆ
ಒಳ್ಳೆಯ ಮಾತು, ನನಗೆ ಹೊಳೆದಿರಲಿಲ್ಲ. ಹೋಗುವುದಾದರೆ ವೀಸಾ ಸ್ಟ್ಯಾಂಪ್ ಇನ್ನೂ ಎಷ್ಟು ದಿನ ಇದೆ ನೋಡಿ. ಐ-20ಯ ಎರಡನೇ ಪುಟದಲ್ಲಿ ಪ್ರಯಾಣದ ಸಹಿ ಒಂದು ವರ್ಷದೊಳಗಿನದೇ ಅಂತ ನೋಡಿ. ಆ ಸಹಿ ಇಲ್ಲದೆ ವಿಮಾನ ಹತ್ತಬೇಡಿ.

ಶಿರಸಿ ಭಟ್
ಈಗಿನ ಪರಿಸ್ಥಿತಿಯಲ್ಲಿ ಹೊರಗೆ ಹೋಗಿ ಬರುವುದೇ ಬೇಡ ಅಂತ ನಮ್ಮ ಸೀನಿಯರ್‌ಗಳು ಹೇಳುತ್ತಾರೆ.

ಮಿಷಿಗನ್ ಮಲೆನಾಡಿಗ
ಹೆದರಿಸುವುದು ಬೇಡ ಭಟ್ರೇ. ಕಾಗದ ಸರಿ ಇದ್ದವರು ಹೋಗಿ ಬರುತ್ತಲೇ ಇದ್ದಾರೆ. ಹೊರಡುವ ಮೊದಲು ಡಿಎಸ್‌ಓ ಹತ್ತಿರ ಮಾತಾಡಬೇಕು, ಅಷ್ಟೇ.

ರಾಯಚೂರು ರೊಟ್ಟಿ
ಬೇಸಿಗೆಯಲ್ಲಿ ಕ್ಯಾಂಪಸ್‌ನಲ್ಲೇ ಉಳಿಯುವವರಿಗೆ ಒಂದೆರಡು ಮಾತು. ಮೇ ಮುಗಿದ ಕೂಡಲೇ ಊರು ಖಾಲಿ. ಡೈನಿಂಗ್ ಹಾಲ್ ಒಂದೇ ತೆರೆದಿರುತ್ತದೆ, ಬಸ್ಸು ಗಂಟೆಗೊಂದು. ಮೊದಲ ವಾರ ಕಾರಿಡಾರ್‌ನಲ್ಲಿ ಯಾರ ಸದ್ದೂ ಇಲ್ಲದೆ ತುಂಬಾ ಬೇಜಾರಾಗುತ್ತದೆ. ಆಮೇಲೆ ಉಳಿದ ನಾಲ್ಕಾರು ಜನ ಒಬ್ಬರಿಗೊಬ್ಬರು ಹತ್ತಿರ ಆಗುತ್ತಾರೆ. ನೇಪಾಳಿ ಹುಡುಗ, ನೈಜೀರಿಯಾದ ಹುಡುಗಿ, ನಾನು, ನಮ್ಮ ಬಳಗ ಬೆಳೆದದ್ದೇ ಆ ಬೇಸಿಗೆಯಲ್ಲಿ. ಶುಕ್ರವಾರ ಅವಳು ಜೊಲ್ಲೋಫ್ ಅನ್ನ ಮಾಡುತ್ತಿದ್ದಳು, ಭಾನುವಾರ ನಾನು ಎಣ್ಣೆಗಾಯಿ. ಖಾರದ ವಿಷಯದಲ್ಲಿ ಅವಳು ನಮ್ಮ ರಾಯಚೂರಿನವಳೇ.

ಒಗ್ಗರಣೆ ಹಾಕುವಾಗ ಕಿಟಕಿ ತೆಗೆದಿಡಿ. ಒಣಮೆಣಸಿನಕಾಯಿ ಹೊಗೆಗೆ ಸ್ಮೋಕ್ ಅಲಾರಂ ಕೂಗಿದರೆ ಇಡೀ ಕಟ್ಟಡ ಹೊರಗೆ ಬಂದು ನಿಲ್ಲಬೇಕಾಗುತ್ತದೆ.

ಕುಡ್ಲದ ಕೋಡರ್
ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ನಿಮಗೆ?

ರಾಯಚೂರು ರೊಟ್ಟಿ
ಇಂಡಿಯನ್ ಅಂಗಡಿಯಲ್ಲಿ ಜವಾರ್ ಅಂತ ಕೇಳಿ. ಹಿಟ್ಟು ಹಳೆಯದಾದರೆ ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ, ಪ್ಯಾಕೆಟ್ ಮೇಲಿನ ತಾರೀಖು ನೋಡಿ ತಗೊಳ್ಳಿ. ಕುದಿಯುವ ನೀರಲ್ಲೇ ನಾದಬೇಕು.

ಟೆಕ್ಸಾಸ್ ತುಮಕೂರು
ರೊಟ್ಟಿ ಮಧ್ಯೆ ದುಡ್ಡಿನ ಮಾತು. ಲ್ಯಾಬ್ ಆಗಲಿ ಇಂಟರ್ನ್‌ಶಿಪ್ ಆಗಲಿ, ಮೊದಲ ಪೇ ಸ್ಲಿಪ್ ಬಂದ ದಿನವೇ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಅಂತ ಕಡಿತ ಇದೆಯಾ ನೋಡಿ. ಎರಡೂ ಸೇರಿ 7.65 ಶೇಕಡಾ. ಎಫ್-1 ವಿದ್ಯಾರ್ಥಿಗಳು ಮೊದಲ ಐದು ಕ್ಯಾಲೆಂಡರ್ ವರ್ಷ ಅದನ್ನು ಕಟ್ಟಬೇಕಿಲ್ಲ. ಸಣ್ಣ ಕಂಪನಿಯ ಲೆಕ್ಕದವರಿಗೆ ಗೊತ್ತಿರುವುದಿಲ್ಲ, ಎಲ್ಲರಿಗೂ ಹಿಡಿದ ಹಾಗೆ ನಮಗೂ ಹಿಡಿಯುತ್ತಾರೆ. ಮೊದಲು ಅವರ ಹತ್ತಿರವೇ ವಾಪಸ್ ಕೇಳಿ. ಕೊಡದಿದ್ದರೆ ತೆರಿಗೆ ಇಲಾಖೆಗೆ ಫಾರಂ 843 ಹಾಕಬೇಕು, ಜೊತೆಗೆ 8316.

ಆದಾಯ ತೆರಿಗೆಗೆ ನಮ್ಮ ಫಾರಂ 1040-ಎನ್‌ಆರ್. ಭಾರತದ ವಿದ್ಯಾರ್ಥಿಗಳಿಗೆ ಮಾತ್ರ ಸಿಗುವ ಒಂದು ಅನುಕೂಲ ಇದೆ: ಎರಡು ದೇಶಗಳ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ನಾವು ಸ್ಟಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಲ್ಲಿ ಒಂದು ನಿಗದಿತ ಮೊತ್ತಕ್ಕೆ ತೆರಿಗೆ ವಿನಾಯಿತಿ ಕೇಳಬಹುದು. ಒಂದು ಬೇಸಿಗೆಯ ಸಂಬಳ ಕಡಿಮೆಯಿದ್ದರೆ ಹಿಡಿದ ಫೆಡರಲ್ ತೆರಿಗೆ ಬಹುಪಾಲು ವಾಪಸ್ ಬರುತ್ತದೆ. ಏನೂ ಗಳಿಸದವರೂ ಫಾರಂ 8843 ಕಳಿಸಬೇಕು.

ನಂಜನಗೂಡು ನಿವಾಸಿ
ಇದನ್ನು ಯಾರೂ ಓರಿಯಂಟೇಷನ್‌ನಲ್ಲಿ ಇಷ್ಟು ಬಿಡಿಸಿ ಹೇಳಲಿಲ್ಲ. ಧನ್ಯವಾದ ಅಣ್ಣ.

ಹಾವೇರಿ ಹುಡುಗಿ
ಎಲ್ಲರಿಗೂ ತುಂಬಾ ಧನ್ಯವಾದ. ಇವತ್ತು ಏನೇನಾಯಿತು ಅಂತ ಹೇಳುತ್ತೇನೆ. ಕನ್ಸಲ್ಟೆನ್ಸಿಯವರ ನಂಬರ್ ಬ್ಲಾಕ್ ಮಾಡಿದೆ. ಡಿಎಸ್‌ಓ ಹತ್ತಿರ ಹೋಗಿ ಬಂದೆ. ನಮ್ಮಲ್ಲಿ ಸಿಪಿಟಿಗೆ ಒಂದು ಕ್ರೆಡಿಟ್ ಕೋರ್ಸ್ ಬೇಕಂತೆ, ಆಫರ್ ಲೆಟರ್ ಇದ್ದರೆ ಕೆಲವೇ ದಿನದಲ್ಲಿ ಐ-20 ಕೊಡುತ್ತಾರಂತೆ. ಪ್ರೊಫೆಸರ್‌ಗೆ ಎರಡೂ ಪ್ರಶ್ನೆ ಕೇಳಿದೆ. ಜೂನ್‌ನಿಂದ ವಾರಕ್ಕೆ 30 ಗಂಟೆ ಕೊಡುತ್ತಾರೆ. ಫಾಲ್ ಅಸಿಸ್ಟೆಂಟ್‌ಶಿಪ್ ಬಗ್ಗೆ ಜುಲೈನಲ್ಲಿ ಗ್ರಾಂಟ್ ನೋಡಿ ಹೇಳುತ್ತೇನೆ ಎಂದರು. ಮಧ್ಯೆ ಇಂಟರ್ನ್‌ಶಿಪ್ ಬಂದರೆ ಹೋಗಬಹುದು, ಎರಡು ವಾರ ಮೊದಲು ಹೇಳು ಅಂದರು. ಅಪ್ಪನಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ, ಸಾಲದ ಕಂತಿನ ಲೆಕ್ಕವನ್ನೂ ಕೇಳಿದೆ. 'ನೀ ಮೊದಲ ಆರಾಮ ನಿದ್ದಿ ಮಾಡು' ಅಂದರು.

ಊರಿಗೆ ಹೋಗುವುದು ಡಿಸೆಂಬರ್‌ಗೆ ಇಟ್ಟುಕೊಂಡೆ. ಬೆಳಗಾವಿ ಅಣ್ಣ, ಆಗ ಹತ್ತರಗಿ ಕಡೆ ಒಮ್ಮೆ ನೋಡಿ ಬರಲು ಆಗುತ್ತದಾ?

ಬೆಳಗಾವಿ ಬೆಂಚ್‌ವೈಸ್
ಸುಮ್ಮನೆ ಗೇಟಿಗೆ ಹೋದರೆ ಒಳಗೆ ಬಿಡುವುದಿಲ್ಲ. ನವೆಂಬರ್‌ನಲ್ಲೇ ನಿಮ್ಮ ಪ್ರೊಫೆಸರ್ ಪತ್ರ ಜೊತೆಗಿಟ್ಟು ಎಚ್‌ಆರ್‌ಗೆ ಮೇಲ್ ಹಾಕಿ. ನಮ್ಮ ಫೌಂಡ್ರಿ ನೋಡಬೇಕೆಂದರೆ ಯಾವಾಗ ಬೇಕಾದರೂ ಬನ್ನಿ, ಗೇಟಿನಲ್ಲಿ ನಾನೇ ಇರುತ್ತೇನೆ. ಲೋಹ ಸುರಿಯುವುದು ಮಧ್ಯಾಹ್ನದ ಮೇಲೆ, ಅಷ್ಟು ಹೊತ್ತಿಗೆ ಬನ್ನಿ.

ಗದಗ ಗೇರ್
ತಂಗಿ, ಆ ನಾಲ್ಕು ಸಾಲಿನ ಮೇಲ್ ಬರೆದು ಇಲ್ಲಿ ಹಾಕು, ನೋಡಿ ಹೇಳುತ್ತೇನೆ. ಮತ್ತೆ ಮುಂದಿನ ಶೈಕ್ಷಣಿಕ ವರ್ಷದ ಕರಿಯರ್ ಫೇರ್ ಈ ಸೆಪ್ಟೆಂಬರ್‌ನಲ್ಲೇ ಇರುತ್ತದೆ. ನೀನು ಮುಂದಿನ ಮೇನಲ್ಲಿ ಪದವಿ ಮುಗಿಸುವವಳು, ಅಲ್ಲಿ ಫುಲ್ ಟೈಮ್ ಕೆಲಸದ ಸಾಲಿನಲ್ಲಿ ನಿಲ್ಲಬೇಕು. ಆಗಸ್ಟ್ ಮೊದಲ ವಾರದೊಳಗೆ ರೆಸ್ಯೂಮೆಯಲ್ಲಿ ಲ್ಯಾಬ್ ಕೆಲಸ ಸೇರಿಸಿ ಸಿದ್ಧ ಮಾಡಿಡು.